ಕೆಂಪು ಬಟ್ಟೆ ಕಟ್ಟಿದ ಜವರ

ಕೇಳಿ. ಒಂದೂರಲ್ಲಿ ಸಣ್ಣಮ್ಮ ಅಂತ ಒಬ್ಬಳು, ಅವಳಿಗೆ ಜವರ ಅಂತ ಒಬ್ಬನೇ ಮಗ. ಮೈಯಲ್ಲಿ ಆನೆಬಲ, ತಲೆಯಲ್ಲಿ ಮಾತ್ರ ಹೇಳಿಕೊಟ್ಟಷ್ಟೇ. ಯಾವ ಕೆಲಸಕ್ಕೆ ಸೇರಿಸಿದರೂ ಸಂಜೆಗೆ ವಾಪಸ್ಸು. ಕೊನೆಗೆ ಚರಂಡಿ ತೋಡಿಸುವ ಕಂಟ್ರಾಕ್ಟರ್ ಚೌಡಪ್ಪನ ಕೈಕಾಲು ಹಿಡಿದು ಸೇರಿಸಿದಳು. ಇದೂ ಹೋದರೆ ತಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿಯೇನು ಅನ್ನುವುದೇ ಅವಳ ಚಿಂತೆ.

ಚೌಡಪ್ಪ ಬೀದಿಯುದ್ದಕ್ಕೂ ದಾರ ಕಟ್ಟಿಸಿ, "ಅತ್ಲಾಗಿತ್ಲಾಗೆ ಹೋಗ್ಬೇಡ, ದಾರದ ನೇರಕ್ಕೆ ಅಗಿ" ಅಂದ. ಜವರ ನೇರ ಅಗೆದ. ಮಣ್ಣು ಬಂತು, ಅಗೆದ. ಕಲ್ಲು ಬಂತು, ಅಗೆದ. ನೀರಿನ ಪೈಪು ಬಂತು, ಅದನ್ನೂ ಅಗೆದ. ನೀರು ಸೂರಿನೆತ್ತರ ಚಿಮ್ಮಿತು. ನೀರು ಬಿಡುವವನು ಓಡಿಬಂದು, "ಅಗೆಸಿದೋರೇ ಸರಿಮಾಡಿಸ್ಕೊಡ್ಬೇಕು" ಅಂದ. ಚೌಡಪ್ಪ ಕೈಯಿಂದ ದುಡ್ಡು ಹಾಕಿ ಹೊಸ ಪೈಪು ಜೋಡಿಸಿದ.

ಸಣ್ಣಮ್ಮ ತಲೆ ಚಚ್ಚಿಕೊಂಡಳು. "ಅಲ್ಲ ಕಣ್ಲಾ ಪೆದ್ದೇ, ಏನಾರ ಅಡ್ಡ ಬಂದ್ರೆ ಯಾರ್ದು ಅಂತ ಮೊದ್ಲು ಕೇಳ್ಬಾರ್ದಾ?"

"ಹಂಗೇ ಆಗ್ಲಿ ಕಣವ್ವ."

ಮಾರನೆಯ ದಿನ ಫೋನಿನ ಕೇಬಲ್ಲು ಅಡ್ಡ ಬಂತು. ಜವರ ಗುದ್ದಲಿ ಇಳಿಸಿ ಮನೆಮನೆಗೂ ಹೋದ. "ಗುಂಡೀಲಿ ಕರೀ ಹಗ್ಗ ಅದೆ, ನಿಮ್ದಾ?"

"ನಮ್ದಲ್ಲ ಕಣಪ್ಪ" ಅಂದರು ಎಲ್ಲರೂ.

ಯಾರದೂ ಅಲ್ಲ ಅಂದಮೇಲೆ ಇನ್ನೇನು? ಕತ್ತರಿಸಿ, ಸುರುಳಿ ಸುತ್ತಿ, ಬದಿಗಿಟ್ಟ. ಬೀದಿಯ ಫೋನುಗಳೆಲ್ಲ ಸತ್ತವು. ಮತ್ತೆ ಚೌಡಪ್ಪನ ತಲೆಗೇ ಬಂತು.

"ಇನ್ನೊಂದು ಒಡೆದ್ರೆ ನಂಗೆ ಕಂಟ್ರಾಕ್ಟೂ ಇಲ್ಲ, ನಿಂಗೆ ಕೆಲ್ಸಾನೂ ಇಲ್ಲ. ಒಡೀಬಾರ್ದಂಥದ್ದು ಕಂಡ್ರೆ ಮರಳು ಸುರಿ, ಇಟ್ಟಿಗೆ ಜೋಡ್ಸು, ಕೆಂಪು ಬಟ್ಟೆ ಕಟ್ಟು."

"ಒಡೀಬಾರ್ದು ಅಂತ ಹೆಂಗೆ ಗೊತ್ತಾಗೋದು ಸ್ವಾಮಿ?"

"ಒಡೆದೋದ್ರೆ ನಿನ್ ಕೈಲಿ ತಂದ್ಕೊಡಾಕಾಗ್ದೇ ಇರೋದೆಲ್ಲಾ ಅದೇ ಕಣ್ಲಾ."

ಆಮೇಲೆ ಸಿಕ್ಕಿದ್ದು ಊರಿಗೆಲ್ಲ ನೀರು ಹೋಗುವ ದೊಡ್ಡ ಪೈಪು. ಜವರ ಮರಳು ಸುರಿದ, ಇಟ್ಟಿಗೆ ಜೋಡಿಸಿದ, ಕೆಂಪು ಬಟ್ಟೆ ಕಟ್ಟಿದ. ಮಧ್ಯಾಹ್ನ ಅಲ್ಲಿಗೇ ಜೆಸಿಬಿ ನುಗ್ಗಿತು. ಡ್ರೈವರು ಕೆಂಪು ಕಂಡು ಗಕ್ಕನೆ ನಿಲ್ಲಿಸಿದ. ಪೈಪು ಉಳಿಯಿತು, ಚೌಡಪ್ಪನ ಮರ್ಯಾದೆಯೂ ಉಳಿಯಿತು. "ಇನ್ಮೇಲೆ ನಿಂಗೆ ಇದೇ ಕೆಲ್ಸ" ಅಂತ ಅವನು ಕೆಂಪು ಬಟ್ಟೆಯ ಗಂಟನ್ನೇ ಕೊಟ್ಟ.

ಜವರ ಕುಣಿಯುತ್ತ ಮನೆಗೆ ಬಂದ. ಅವ್ವ ಜಗಲಿಯ ಮೇಲೆ ಮಲಗಿದ್ದಳು. ಎಬ್ಬಿಸಲು ಹೋದವನು ನಿಂತ, ಯೋಚಿಸಿದ, ತಿರುಗಿ ಓಡಿದ.

ಸಣ್ಣಮ್ಮ ಕಣ್ಣು ಬಿಟ್ಟಾಗ ಮೊಳಕಾಲವರೆಗೂ ಮರಳು, ಸುತ್ತಲೂ ಇಟ್ಟಿಗೆ, ತಲೆಗೆ ಕೆಂಪು ಬಟ್ಟೆ.

"ಏನ್ಲಾ ಇದು ಮುಂಡೇದೇ?"

"ಅಲ್ಲಾಡ್ಬೇಡ ಕಣವ್ವ. ನೀನು ಒಡೆದೋದ್ರೆ ನನ್ ಕೈಲಿ ತಂದ್ಕೊಡಾಕಾಯ್ತದಾ?" ಅಂದು, ಕೆಲಸ ಗಟ್ಟಿಯಾದ ಸುದ್ದಿಯನ್ನೂ ಹೇಳಿದ.

ಕಣ್ಣು ತುಂಬಿ ಬಂತು ಅವಳಿಗೆ. "ಆಯ್ತು ಮಗ, ಅಲ್ಲಾಡಾಕಿಲ್ಲ. ಕೆಂಡದ ಮೇಲೆ ಹಾಲಿಟ್ಟಿವ್ನಿ, ಉಕ್ತದೇನೋ ನೋಡೋಗು."

ಜವರ ಒಲೆಯ ಮುಂದೆ ಕೂತು, ಕಣ್ಣು ಮಿಟುಕಿಸದೆ ನೋಡಿದ. ಕೊನೆಗೆ ಅಲ್ಲಿಂದಲೇ ಕೂಗಿದ.

"ಹೂಂ ಕಣವ್ವ, ಉಕ್ತು."