ತವರಿನ ಹೆಪ್ಪು

"ಗುರುಗಳೇ, ನೆನಪು ಎಲ್ಲಿ ಉಳಿಯುತ್ತದೆ?" ಎಂದು ಶಿಷ್ಯ ಸಂಗಯ್ಯ ಕೇಳಿದ. "ತಾಯಿ ತೀರಿಕೊಂಡು ಎರಡು ವರ್ಷವಾಯಿತು. ಆಡಿದರೆ ಸವೆದುಹೋದೀತೆಂದು ಅವಳ ವಿಷಯವನ್ನು ನಾನು ಯಾರ ಮುಂದೆಯೂ ಎತ್ತಿಲ್ಲ. ಎದೆಯಲ್ಲೇ ಕಾಪಾಡಿಕೊಂಡಿದ್ದೇನೆ. ಆದರೂ ಅವಳ ಮುಖ ಮಸುಕಾಗುತ್ತಿದೆ."

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಹೆಣ್ಣುಮಗಳು ಮದುವೆಯಾಗಿ ಗಂಡನ ಮನೆಗೆ ಹೊರಟಾಗ ತಾಯಿ ಅವಳ ಕೈಗೆ ಒಂದು ಕುಡಿಕೆ ಮೊಸರು ಕೊಟ್ಟಳು. ಮಗಳು ಅದರಿಂದಲೇ ಹಾಲಿಗೆ ಹೆಪ್ಪು ಹಾಕಿದಳು. ಮರುದಿನ ಆ ಮೊಸರಿನಿಂದ ಮತ್ತೆ ಹೆಪ್ಪು. ಹೀಗೆ ದಿನವೂ ನಡೆಯಿತು. ಒಮ್ಮೆ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದಳು. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವುದುಂಟೇ? ಒಂದು ಚಮಚ ಕೊಟ್ಟಳು, ಮರೆತಳು.

ಕೆಲವು ವರ್ಷ ಕಳೆದು ತಾಯಿ ತೀರಿಕೊಂಡಳು. ಮಗಳು, ಅವ್ವನದೆಂದು ಉಳಿದಿರುವುದು ಇದೊಂದೇ ಎಂದು ಮನೆಯಲ್ಲಿದ್ದ ಮೊಸರನ್ನು ಕುಡಿಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ನೆಲುವಿನ ಮೇಲಿಟ್ಟಳು. ಗಂಡ ಬರೀ ಅನ್ನ ಸಾರು ಉಂಡು ಎದ್ದ. ಪ್ರೀತಿಗೆ ಬುದ್ಧಿ ಸ್ವಲ್ಪ ಕಡಿಮೆ, ಸಂಗಯ್ಯ. ಹಾಲು ಸೋಕಿಸದೆ ಹೆಪ್ಪನ್ನು ಬದುಕಿಸಲು ಹೊರಟಿದ್ದಳು ಅವಳು. ತಿಂಗಳ ಮೇಲೆ ಬಟ್ಟೆ ಬಿಚ್ಚಿದರೆ ಮೊಸರಿನ ತುಂಬ ಹಸಿರು ಬೂಷ್ಟು. "ಅವ್ವ ಇವತ್ತು ಪೂರ್ತಿ ಹೋದಳು" ಎಂದು ಕುಡಿಕೆಯ ಮುಂದೆ ಕೂತು ಅತ್ತಳು.

ಅಳು ಕೇಳಿ ಪಕ್ಕದ ಮನೆಯಾಕೆ ಬಂದಳು. ಸಂಗತಿ ತಿಳಿದವಳೇ ತನ್ನ ಮನೆಗೆ ಹೋಗಿ ಒಂದು ಬಟ್ಟಲು ಮೊಸರು ತಂದಿಟ್ಟಳು.

"ತಗೋ ತಾಯಿ, ನಿಮ್ಮವ್ವನದೇ ಇದು. ಅವತ್ತು ನೀನು ಕೊಟ್ಟ ಹೆಪ್ಪು ನಮ್ಮನೇಲಿ ಒಂದು ದಿನವೂ ತಪ್ಪಿಲ್ಲ. ನಮ್ಮದು ಎಮ್ಮೆ ಹಾಲು, ಚೂರು ಗಟ್ಟಿ ಇದ್ದೀತು ಅಷ್ಟೆ."

ಮಗಳು ಬೆರಳ ತುದಿಯಲ್ಲಿ ತೆಗೆದು ಬಾಯಿಗಿಟ್ಟಳು. ತಾಯಿ ಕೊಟ್ಟ ಮೊಸರಿನ ಒಂದು ಹನಿಯೂ ಅದರಲ್ಲಿ ಉಳಿದಿರಲಿಲ್ಲ. ಎಲ್ಲವೂ ದಿನದಿನದ ಹೊಸ ಹಾಲು. ಆದರೂ ತವರಿನ ರುಚಿ ಅಲ್ಲಿತ್ತು. ಅವಳು ಎದ್ದು, ಹಾಲು ಕಾಯಲು ಇಟ್ಟಳು.

ಕತೆ ಮುಗಿಯಿತು. ಸಂಗಯ್ಯ ಕಣ್ಣೊರೆಸಿಕೊಂಡು, "ಹಾಗಾದರೆ ನಾನೇನು ಮಾಡಲಿ ಗುರುಗಳೇ?" ಎಂದ.

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ನಿನ್ನ ತಾಯಿ ನಿನ್ನನ್ನು ಊಟಕ್ಕೆ ಏನೆಂದು ಕೂಗುತ್ತಿದ್ದಳು, ನನಗೆ ಹೇಳು."