ಮುದ್ರೆ ಬಿದ್ದ ಗಂಟು

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಪ್ರಾಯಕ್ಕೆ ಬಂದ ಗಂಡುಗೀಜಗಗಳಿಗೆ ಒಂದು ಪರೀಕ್ಷೆಯಿತ್ತು. ಹಿರಿಯರು ಸೀಳಿಕೊಟ್ಟ ಹುಲ್ಲಿನೆಳೆಯನ್ನು ಈಚಲು ಗರಿಯ ತುದಿಗೆ ಸುತ್ತಿ ಗಂಟು ಬಿಗಿಯಬೇಕು. ಗೆದ್ದವನ ಗಂಟಿಗೆ ಹಿರಿಯ ಗೀಜಗ ಹಸಿಮಣ್ಣಿನ ಮುದ್ರೆ ಒತ್ತುವನು.

ಒಬ್ಬನಿಗೆ ಮುದ್ರೆ ಎಲ್ಲರಿಗಿಂತ ಮೊದಲೇ ಸಿಕ್ಕಿತು. ಅಂದಿನಿಂದ ಅವನು ಗಂಟಿನ ಪಕ್ಕ ಕೂತು, ಹಾದುಹೋಗುವವರನ್ನೆಲ್ಲ ಕರೆದು ತೋರಿಸಿದ. ಓರಗೆಯವರು ಹುಲ್ಲು ಸೀಳಿ ತಂದು, ಹೆಣೆದು, ಸರಿಬಾರದೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರೆ, "ಪಾಪ, ಇನ್ನೂ ಕಲಿಯುತ್ತಿದ್ದಾರೆ" ಎಂದು ನಗುತ್ತಿದ್ದ.

ಮಳೆಗಾಲ ಹತ್ತಿರವಾಯಿತು. ಗೂಡು ಹುಡುಕುತ್ತ ಬಂದ ಹೆಣ್ಣೊಬ್ಬಳಿಗೆ ಅವನು ಎದೆಯುಬ್ಬಿಸಿ ಗಂಟು ತೋರಿಸಿದ. ಅವಳು ಕೊಕ್ಕಿನಿಂದ ಎಳೆದು ನೋಡಿದಳು.

"ಗಂಟೇನೋ ಗಟ್ಟಿಯಾಗಿದೆ. ಆದರೆ ಗಾಳಿಮಳೆ ಬರುವುದು ಪಡುವಣದಿಂದ. ನೀನು ಅದೇ ಮಗ್ಗುಲಿಗೆ ಬಿಗಿದಿದ್ದೀಯಲ್ಲ?"

"ಇಲ್ಲಿದ್ದರೆ ಎಲ್ಲರಿಗೂ ಕಾಣುತ್ತದೆ."

"ಸರಿ, ಮೊಟ್ಟೆ ಎಲ್ಲಿಡಲಿ?"

"ಮುದ್ರೆ ಇದೆಯಲ್ಲ..." ಎಂದ.

ಅವಳು ಮೂಡಣದ ಮಗ್ಗುಲಿಗೆ ಹಾರಿ, ಓರಗೆಯವನೊಬ್ಬ ಬಿಚ್ಚಿ ಬಿಚ್ಚಿ ಹೆಣೆದ ಸೊಟ್ಟ ಗೂಡಿನೊಳಗೆ ನುಸುಳಿದಳು.

ಅವನಿಗೆ ತಲೆಯೆತ್ತಲಾಗಲಿಲ್ಲ. ಅಷ್ಟರಲ್ಲಿ ಹಿರಿಯ ಗೀಜಗ ಅತ್ತ ಬಂದು, "ಎಲ್ಲಿ, ನಿನ್ನ ಗಂಟು ತೋರಿಸು" ಎಂದ.

ಅವನು ಅದನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡು, ಮೆಲ್ಲಗೆ ಕೇಳಿದ: "ತಾತ, ಹುಲ್ಲು ಸೀಳುವುದು ಹೇಗೆ?"