ಒಂದು ಗಂಟಿನ ಕೆಂಪು ದಾರ

"ಮೇಷ್ಟ್ರೇ, ನಾನು ಮಾಡಿದ ಪಾಠವನ್ನು ಇನ್ನೊಬ್ಬರು ಹಿಡಿದಿಟ್ಟುಕೊಳ್ಳಲು ನಾನು ಬಿಡಬೇಕೆ?"

ಕೇಳಿದವನು ಕಾಲೇಜಿಗೆ ಹೊಸದಾಗಿ ಸೇರಿದ ಅಧ್ಯಾಪಕ ರೇವಣ್ಣ. ಕೇಳಿಸಿಕೊಂಡವರು ಒಂದು ಕಾಲದಲ್ಲಿ ಅವನಿಗೇ ಪಾಠ ಹೇಳಿದ್ದ ಸದಾನಂದಯ್ಯ ಮೇಷ್ಟ್ರು.

"ಸುತ್ತಿ ಬಳಸಿ ಮಾತಾಡಬೇಡ. ಏನಾಯಿತು ಹೇಳು," ಎಂದರು ಮೇಷ್ಟ್ರು.

ರೇವಣ್ಣ ಜೇಬಿನಿಂದ ಒಂದು ಅರ್ಜಿ ತೆಗೆದು ಕೊಟ್ಟ. ಬರೆದವಳು ಅವನ ತರಗತಿಯ ಶಾಹಿದಾ. ಅವಳ ಕೈ ನಡುಗುತ್ತದೆ. ಉಳಿದವರು ಒಂದು ಪುಟ ಬರೆಯುವಷ್ಟರಲ್ಲಿ ಅವಳು ಎರಡು ಸಾಲು ಬರೆಯುತ್ತಾಳೆ. ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೊಡಿ, ಯಾರಿಗೂ ಕಳಿಸುವುದಿಲ್ಲ, ಪರೀಕ್ಷೆ ಮುಗಿದ ಮೇಲೆ ಅಳಿಸುತ್ತೇನೆ ಎಂದು ಕೇಳಿಕೊಂಡಿದ್ದಳು. ಹೋದ ವರ್ಷ ಎರಡು ವಿಷಯದಲ್ಲಿ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಮನೆಯವರು ಓದು ಬಿಡಿಸುತ್ತಾರಂತೆ.

"ಪಾಪ ಅನಿಸುತ್ತದೆ ಮೇಷ್ಟ್ರೇ. ಆದರೆ ನಾನು ಆಡಿದ ಮಾತೆಲ್ಲ ಹಾಗೇ ಉಳಿದುಬಿಡುತ್ತದಲ್ಲ!"

"ಓಹೋ, ಮುತ್ತಿನಂಥ ಮಾತುಗಳು! ಸರಿ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ಅದು ನಿನ್ನ ಹಳೇ ಚಾಳಿ."

ಒಬ್ಬ ವೈದ್ಯನಿದ್ದ. ಬೆಳಗಾದರೆ ಹನ್ನೆರಡು ಜನ ಶಿಷ್ಯರನ್ನು ಕರೆದುಕೊಂಡು ಗುಡ್ಡ ಹತ್ತುತ್ತಿದ್ದ. ಯಾವ ಗಿಡದ ಬಳಿಯೂ ನಿಲ್ಲುತ್ತಿರಲಿಲ್ಲ. ನಡೆಯುತ್ತಲೇ ಕೋಲು ಚಾಚಿ, ಇದು ಜ್ವರಕ್ಕೆ, ಅದು ಕೆಮ್ಮಿಗೆ ಎನ್ನುತ್ತಿದ್ದ. ಇನ್ನೊಮ್ಮೆ ಕೇಳಿದರೆ ಸತ್ತರೂ ಹೇಳುತ್ತಿರಲಿಲ್ಲ. ಮದ್ದನ್ನು ಎರಡು ಸಲ ಹೇಳಿದರೆ ಅದರ ಗುಣ ಹೋಗುತ್ತದೆ ಎಂದು ಅವನ ಗುರು ಹೇಳಿದ್ದರು. ಅವರಿಗೆ ಅವರ ಗುರು ಹೇಳಿದ್ದರು.

ಹದಿಮೂರನೆಯವಳಾಗಿ ಒಬ್ಬ ಹೆಂಗಸು ಬಂದಳು. ಅವಳ ಊರಿನಲ್ಲಿ ವೈದ್ಯರಿರಲಿಲ್ಲ. ಜ್ವರ ಬಂದವರನ್ನು ಹೊತ್ತುಕೊಂಡು ಒಂದು ಹಗಲು ನಡೆಯಬೇಕಿತ್ತು. ಅವಳ ತಾಯಿ ಆ ದಾರಿಯಲ್ಲೇ ತೀರಿಕೊಂಡಿದ್ದಳು. ಮದ್ದು ಕಲಿಯದೆ ಊರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಬಂದಿದ್ದಳು. ಆದರೆ ಅವಳ ಒಂದು ಕಾಲು ಸೋತಿತ್ತು. ಅವಳು ಕುಂಟುತ್ತಾ ಗಿಡದ ಬಳಿ ಬರುವಷ್ಟರಲ್ಲಿ ಮಾತು ಮುಗಿದು, ಗುರುಶಿಷ್ಯರು ಮೇಲಿನ ತಿರುವು ದಾಟಿರುತ್ತಿದ್ದರು.

ವೈದ್ಯ ಕೆಟ್ಟವನಲ್ಲ, ಆದರೆ ಮುಂಗೋಪಿ. ಎಂಟು ದಿನ ನೋಡಿ, "ತಾಯಿ, ನಿನಗೆ ಈ ವಿದ್ಯೆ ಆಗಿಬರುವುದಿಲ್ಲ, ಊರಿಗೆ ಹೋಗು" ಎಂದ.

ಅವಳು ಸೆರಗಿನಿಂದ ಒಂದು ಹಿಡಿ ಕೆಂಪು ದಾರ ತೆಗೆದಳು. "ಅಯ್ಯಾ, ನೀವು ತೋರಿಸಿದ ಗಿಡಕ್ಕೆ ಒಂದು ದಾರ ಸುತ್ತಿ. ಜ್ವರಕ್ಕಾದರೆ ಒಂದು ಗಂಟು, ಕೆಮ್ಮಿಗೆ ಎರಡು, ಗಾಯಕ್ಕೆ ಮೂರು. ನಾನು ಹಿಂದಿನಿಂದ ಬಂದು ಕಲಿಯುತ್ತೇನೆ. ಬೇರೆಯವರ ಕಣ್ಣಿಗೆ ಬೀಳದಂತೆ ಎಲ್ಲ ಬಿಚ್ಚಿಕೊಂಡು, ಸಂಜೆಯೊಳಗೆ ನಿಮ್ಮ ಕೈಗೇ ಕೊಡುತ್ತೇನೆ."

ಶಿಷ್ಯರು ಗೊಣಗಿದರು. ನಾವು ಓಡಿ ಓಡಿ ಕಲಿಯಬೇಕು, ಇವಳಿಗೆ ಮಾತ್ರ ದಾರವೇ ಎಂದರು. ವೈದ್ಯನಿಗೂ ಮನಸ್ಸಿರಲಿಲ್ಲ. ಆದರೆ ಅವಳ ತಾಯಿಯ ವಿಷಯ ಅವನಿಗೆ ಗೊತ್ತಿತ್ತು. ಹಾಳಾಗಿ ಹೋಗಲಿ ಎಂದು ಒಪ್ಪಿಕೊಂಡ. ನಡೆಯುತ್ತಾ, ಬೈಯುತ್ತಾ, ಗಿಡದ ಬುಡಕ್ಕೆ ದಾರ ಸುತ್ತಿ ಮುಂದೆ ಹೋಗುತ್ತಿದ್ದ. ಅವಳು ಪ್ರತಿ ಗಿಡದ ಬಳಿ ಕುಳಿತು, ಎಲೆ ಮುಟ್ಟಿ, ಮೂಸಿ, ದಾರ ಬಿಚ್ಚಿಕೊಂಡು ಬರುತ್ತಿದ್ದಳು. ಒಂದು ತಿಂಗಳು ಹೀಗೇ ನಡೆಯಿತು. ಒಂದು ದಾರವೂ ತಪ್ಪಲಿಲ್ಲ.

ಒಂದು ಸಂಜೆ ಒಂದು ದಾರ ಕಡಿಮೆ ಬಂತು.

"ನಾನು ಅಂದುಕೊಂಡೇ ಇದ್ದೆ!" ಎಂದು ವೈದ್ಯ ಸಿಡುಕಿದ. "ಯಾರಿಗೆ ತೋರಿಸಿದೆ?"

"ಯಾರಿಗೂ ಇಲ್ಲ ಅಯ್ಯಾ. ಗಿಡದ ಮೇಲೇ ಬಿಟ್ಟು ಬಂದಿದ್ದೇನೆ. ಬೆಳಗ್ಗೆ ನೀವೇ ಬಂದು ಮುಟ್ಟಿ ನೋಡಬೇಕು."

ಬೆಳಗ್ಗೆ ವೈದ್ಯ ಅವಳ ಜೊತೆ ಹೋದ. ಅವಳ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದದ್ದು ಅದೇ ಮೊದಲು. ದಾರಕ್ಕೆ ಒಂದು ಗಂಟಿತ್ತು. ಅಂದರೆ ಜ್ವರದ ಮದ್ದು. ಆ ಗುಡ್ಡದಲ್ಲಿ ಜ್ವರದ ಮದ್ದಿನ ಹಾಗೇ ಕಾಣುವ ಇನ್ನೊಂದು ಗಿಡವಿತ್ತು. ಎಲೆಯ ಬೆನ್ನು ತರಿತರಿಯಾಗಿದ್ದರೆ ಮದ್ದು, ನುಣುಪಾಗಿದ್ದರೆ ವಿಷ. ವೈದ್ಯ ಬಗ್ಗಿ ಎಲೆಯ ಬೆನ್ನು ಸವರಿದ. ನುಣುಪಾಗಿತ್ತು.

ಅವನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಕೋಲಿನಿಂದ ತೋರಿಸುವವನಿಗೆ ಅದು ತಿಳಿಯಲೇ ಇಲ್ಲ. ಹನ್ನೆರಡು ಜನ ಶಿಷ್ಯರೂ ಕೇಳಿದ್ದರು, ತಲೆಯಾಡಿಸಿದ್ದರು, ಎಲೆ ಕಿತ್ತು ಚೀಲಕ್ಕೆ ತುಂಬಿದ್ದರು. ಮಾತು ಅಲ್ಲಿಗೇ ಮುಗಿದಿತ್ತು. ದಾರ ಮಾತ್ರ ಉಳಿದಿತ್ತು.

ವೈದ್ಯ ಎದ್ದೆನೋ ಬಿದ್ದೆನೋ ಎಂದು ಕೆಳಗಿಳಿದ. ಒಬ್ಬ ಶಿಷ್ಯ ಆ ಚೀಲ ಹೆಗಲಿಗೇರಿಸಿ ತನ್ನೂರಿಗೆ ಹೊರಟು ನಿಂತಿದ್ದ. ವೈದ್ಯ ಅದನ್ನು ಕಿತ್ತುಕೊಂಡು ನೆಲಕ್ಕೆ ಸುರಿದ. ಉಳಿದ ಚೀಲಗಳನ್ನೂ ಸುರಿಸಿದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಆದರೂ ಸದ್ಯ, ಒಂದು ಜೀವವೂ ಹೋಗಲಿಲ್ಲವಲ್ಲ ಎಂದು ಎದೆ ಹಗುರಾಯಿತು. ಎಲ್ಲರನ್ನೂ ಗುಡ್ಡಕ್ಕೆ ಕರೆದೊಯ್ದು, ಎಲೆ ಮುಟ್ಟಿಸಿ, ಅದೇ ಮದ್ದನ್ನು ಎರಡನೇ ಸಲ ಹೇಳಿದ. ಮದ್ದಿನ ಗುಣವೇನೂ ಹೋಗಲಿಲ್ಲ.

ಅಂದಿನಿಂದ ಅವನು ದಾರವನ್ನು ಎಲ್ಲರಿಗಾಗಿಯೂ ಕಟ್ಟಿದ. ಕಾಯಿಲೆ ಬಿದ್ದು ಒಂದು ದಿನ ತಪ್ಪಿಸಿಕೊಂಡವನೂ ದಾರ ಹಿಡಿದು ಕಲಿತ. ಆ ಹೆಂಗಸು ಕಲಿತು ಊರಿಗೆ ಹೋದಳು. ಆಮೇಲೆ ಅಲ್ಲಿ ಜ್ವರ ಬಂದವರನ್ನು ಯಾರೂ ಹೊತ್ತುಕೊಂಡು ನಡೆಯಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿ ಅರ್ಜಿಯನ್ನು ರೇವಣ್ಣನಿಗೆ ಹಿಂದಿರುಗಿಸಿದರು.

ರೇವಣ್ಣ ಅದನ್ನು ಮಡಿಸಿದ, ಮತ್ತೆ ಬಿಡಿಸಿದ. "ಕತೆ ಚೆನ್ನಾಗಿದೆ ಮೇಷ್ಟ್ರೇ. ಆದರೆ ನನ್ನ ಪಾಠದಲ್ಲಿ ಅಂಥ ತಪ್ಪೇನೂ ಇಲ್ಲ."

"ದಾರ ಕಟ್ಟುವವರೆಗೆ ಆ ವೈದ್ಯನೂ ಹಾಗೇ ಅನ್ನುತ್ತಿದ್ದನಪ್ಪಾ," ಎಂದರು ಮೇಷ್ಟ್ರು.

ರೇವಣ್ಣ ಪೆನ್ನು ತೆಗೆದು ಅರ್ಜಿಯ ಕೆಳಗೆ 'ಅನುಮತಿ ಇದೆ' ಎಂದು ಬರೆದ.